ಬಿಡುವು ಕೊಟ್ಟ ಮರ

ಮಗಳು ನಮಿತಾಳ ಮದುವೆಯ ದಿನವೂ ಹೊನ್ನಯ್ಯ ಮರ ಹತ್ತಿದ್ದರು. ಬೆಳಗ್ಗಿನ ಕಳ್ಳು ಇಳಿಸಿ ಬಂದು ಧಾರೆ ಎರೆದು, ನೆಂಟರು ಊಟಕ್ಕೆ ಕೂತಾಗ ಪಂಚೆ ಬದಲಾಯಿಸಿ ಮತ್ತೆ ತೋಟಕ್ಕೆ ಹೋಗಿದ್ದರು. ಗಂಡಿನ ಕಡೆಯವರು ಮಂಜೇಶ್ವರದವರು. ಹುಡುಗಿಯ ತಂದೆ ಎಲ್ಲಿ ಎಂದು ಅವರು ಕೇಳಿದಾಗ ಯಾರೋ ತೆಂಗಿನ ತುದಿಯತ್ತ ಕೈ ತೋರಿಸಿದರಂತೆ. ಅನಂತಪುರದ ಪದವಿನ, ಎಂದರೆ ಬೋಳುಗುಡ್ಡದ, ಕೆಳಗಿನ ನಮ್ಮ ಊರಿನಲ್ಲಿ ಇದನ್ನು ನಗುತ್ತ ಹೇಳುವವರು ಈಗಲೂ ಇದ್ದಾರೆ.

ಅದು ಕಸುಬಿನ ನಿಯಮ. ಕಳ್ಳಿಗೆ ಕಟ್ಟಿದ ತೆಂಗಿನ ಹೊಂಬಾಳೆಯನ್ನು ಎಲುಬಿನ ತುಂಡಿನಿಂದ ಮೆಲ್ಲಗೆ ತಟ್ಟಿ, ಅದರ ತುದಿಯನ್ನು ಕತ್ತಿಯಿಂದ ತೆಳ್ಳಗೆ ಸವರಬೇಕು. ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ. ಒಂದು ದಿನ ತಪ್ಪಿದರೆ ಕೊಯ್ದ ಬಾಯಿ ಒಣಗುತ್ತದೆ. ಇನ್ನೂ ತಪ್ಪಿದರೆ ಆ ಹೊಂಬಾಳೆಯ ಆಸೆ ಬಿಡಬೇಕು. ಜ್ವರವಿರಲಿ, ಹರತಾಳವಿರಲಿ, ಮನೆಯಲ್ಲಿ ಸಾವೇ ಆಗಿರಲಿ, ಮೂರ್ತೆಯವನು ಮರದ ಹತ್ತಿರ ಹೋಗಲೇಬೇಕು. ಮೂರ್ತೆ ಎಂದರೆ ಕಳ್ಳು ಇಳಿಸುವ ಕೆಲಸ. ಹೊನ್ನಯ್ಯನವರ ತಂದೆಯದೂ ಅದೇ ಕೆಲಸವಾಗಿತ್ತು.

ಹಾಗೆಂದು ಒಂದೇ ಮರವನ್ನು ವರ್ಷವಿಡೀ ಕೊಯ್ಯುವುದೂ ಇಲ್ಲ. ಅರ್ಧ ವರ್ಷ ಕಳ್ಳು ಕೊಟ್ಟ ಮರದಿಂದ ಮಡಕೆ ಬಿಚ್ಚಿ ಅರ್ಧ ವರ್ಷ ಬಿಡುವು ಕೊಡುತ್ತಾರೆ. ಆಗ ಅದು ಕಾಯಿ ಹಿಡಿಯುತ್ತದೆ, ಗರಿಯ ಮಡಲು ಅಗಲವಾಗುತ್ತದೆ, ಮತ್ತೆ ಕಟ್ಟಿದಾಗ ಮೊದಲಿಗಿಂತ ಹೆಚ್ಚು ಇಳಿಯುತ್ತದೆ. ಬಿಡುವು ಕೊಡದೆ ಕೊಯ್ಯುವವರನ್ನು ಕಂಡರೆ ಹೊನ್ನಯ್ಯನವರಿಗೆ ಆಗುತ್ತಿರಲಿಲ್ಲ. "ಅವ ಮೂರ್ತೆಯವ ಅಲ್ಲ, ಕಟುಕ" ಎನ್ನುತ್ತಿದ್ದರು.

ಹರೆಯದಲ್ಲಿ ಕೆಲವು ವರ್ಷ ಅವರು ಮುಂಬಯಿಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದರು. ತಂದೆ ಮರದಿಂದ ಬಿದ್ದು ಸೊಂಟ ಮುರಿದುಕೊಂಡಾಗ ಊರಿಗೆ ಬಂದವರು ಮತ್ತೆ ಹೋಗಲಿಲ್ಲ. ಕಿನ್ನಿಯನ್ನು ಮದುವೆಯಾದರು. ಕಿನ್ನಿ ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದರು, ಹೊನ್ನಯ್ಯ ಇಳಿಸಿದ ಕಳ್ಳು ಪೇಟೆಯ ಗಡಂಗಿಗೆ, ಎಂದರೆ ಕಳ್ಳಿನಂಗಡಿಗೆ, ಹೋಗುತ್ತಿತ್ತು. ನಮಿತಾಳನ್ನು ಹತ್ತನೆಯವರೆಗೆ ಓದಿಸಿದರು. ಅವಳ ಮದುವೆಯಾದ ಮರುವರ್ಷ, ಎಂದರೆ ಎರಡು ಸಾವಿರದ ಎಂಟರಲ್ಲಿ, ಹೊನ್ನಯ್ಯನವರಿಗೆ ಭೇದಿ ಹಿಡಿಯಿತು. ತಿಂಗಳಾದರೂ ನಿಲ್ಲಲಿಲ್ಲ. ಜ್ವರ ಬಂತು, ಕೆನ್ನೆಯ ಎಲುಬು ಎದ್ದಿತು. ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿ ಎಚ್‌ಐವಿ ಎಂದರು. ಹೆಂಡತಿಯನ್ನೂ ಕರೆದುಕೊಂಡು ಬನ್ನಿ ಎಂದರು. ಕಿನ್ನಿಯವರ ರಕ್ತದಲ್ಲೂ ಅದೇ ಇತ್ತು.

ಆ ದಿನ ಬಸ್ಸಿನಲ್ಲಿ ಇಬ್ಬರೂ ಊರಿಗೆ ಮರಳಿದರು. ಮನೆಗೆ ಬಂದು ಒಲೆ ಹೊತ್ತಿಸುವಾಗ ಕಿನ್ನಿ ಒಂದೇ ಒಂದು ಮಾತು ಕೇಳಿದರು.

"ಮುಂಬಯಿಯಲ್ಲಿ ಆದದ್ದಾ?"

ಹೊನ್ನಯ್ಯ ತಲೆ ತಗ್ಗಿಸಿದರು. ಕಿನ್ನಿ ಆ ಮಾತನ್ನು ಮತ್ತೆ ಯಾವತ್ತೂ ಎತ್ತಲಿಲ್ಲ. ಅಕ್ಕಿ ತೊಳೆದು ಒಲೆಯ ಮೇಲಿಟ್ಟರು.

ಇಬ್ಬರಿಗೂ ಮಾತ್ರೆ ಶುರುವಾಯಿತು. ಬೆಳಗ್ಗೆ ಒಂದು, ಸಂಜೆ ಒಂದು. ಮದ್ದು ಕೊಡುವ ಕೇಂದ್ರದಲ್ಲಿ ಕೌನ್ಸೆಲರ್ ಆಗಿದ್ದವರು ರಂಜನಿ, ಬದಿಯಡ್ಕ ಕಡೆಯವರು. ಎಲ್ಲರೂ ಮಲಯಾಳದಲ್ಲಿ ಮಾತಾಡುವ ಆ ಕೋಣೆಯಲ್ಲಿ ಅವರೊಬ್ಬರು ಕನ್ನಡದಲ್ಲಿ ಮಾತಾಡಿಸಿದಾಗ ಹೊನ್ನಯ್ಯನವರಿಗೆ ಕುರ್ಚಿಯಲ್ಲಿ ಸರಿಯಾಗಿ ಕೂರುವ ಧೈರ್ಯ ಬಂತು.

"ಇದು ಜೀವಮಾನ ಇಡೀ ತೆಗೊಳ್ಳುವ ಮದ್ದು ಹೊನ್ನಯ್ಯಣ್ಣ. ಇವತ್ತು ಮರೆತೆ, ನಾಳೆ ಎರಡು ತಿಂತೇನೆ ಅಂದ್ರೆ ಆಗುದಿಲ್ಲ. ಹೊತ್ತಿಗೆ ಸರಿಯಾಗಿ, ದಿನಾ."

"ಅದು ನನಗೆ ಹೇಳ್ಬೇಕಾ ಮೇಡಮ್? ನಾನು ಮೂರ್ತೆಯವ."

ಅವರು ಮರದ ಲೆಕ್ಕ ವಿವರಿಸಿದರು. ರಂಜನಿಗೆ ಅದು ಹಿಡಿಸಿತು. ಮಾತ್ರೆ ತಪ್ಪಿಸಿ ಬರುವವರಿಗೆ ಆಮೇಲೆ ಅವರು ಅದನ್ನೇ ಹೇಳುತ್ತಿದ್ದರು. ನಮ್ಮಲ್ಲಿ ಒಬ್ಬರಿದ್ದಾರೆ, ಮರವನ್ನೂ ತಪ್ಪಿಸುವುದಿಲ್ಲ, ಮಾತ್ರೆಯನ್ನೂ ತಪ್ಪಿಸುವುದಿಲ್ಲ ಎಂದು.

ಹೊನ್ನಯ್ಯ ಚೇತರಿಸಿಕೊಂಡರು. ಮೈ ತುಂಬಿತು. ಊರಿನವರಿಗೆ ಶುಗರ್ ಎಂದು ಹೇಳಿದ್ದರು. ಬೇರೆ ದಾರಿ ಇರಲಿಲ್ಲ. ನಿಜ ಗೊತ್ತಾದರೆ ಅವರು ಇಳಿಸಿದ ಕಳ್ಳನ್ನು ಯಾರೂ ಮುಟ್ಟುವುದಿಲ್ಲ, ಗಡಂಗಿನವರು ಮಡಕೆಯನ್ನೇ ಒಳಗೆ ಬಿಡುವುದಿಲ್ಲ. ಕಳ್ಳಿನಿಂದ ಅದು ಹರಡುವುದಿಲ್ಲ ಎಂದು ರಂಜನಿ ಹೇಳಿದ್ದರು. ಆದರೆ ಗಡಂಗಿನಲ್ಲಿ ಕೂತವರಿಗೆ ಅದನ್ನು ಹೇಳುವವರು ಯಾರು? ಮಗಳಿಗೂ ಶುಗರ್ ಎಂದೇ ಹೇಳಿದ್ದರು.

ಪಕ್ಕದ ತೋಟದ ಮರಗಳನ್ನು ಕೊಯ್ಯುತ್ತಿದ್ದ ಕುಂಞ ಮಾತ್ರ ಇದನ್ನು ಹಿಡಿದು ಕಾಡಿಸುತ್ತಿದ್ದರು. ಇಬ್ಬರೂ ಎದುರು ಬದುರಿನ ಮರಗಳ ತುದಿಯಲ್ಲಿ ಕೂತೇ ಅರ್ಧ ಆಯುಷ್ಯ ಮಾತಾಡಿದವರು.

"ಊರಿಗೆಲ್ಲ ಸಿಹಿ ಕುಡಿಸಿ ಶುಗರ್ ನೀವು ಹಿಡ್ಕೊಂಡ್ರಲ್ಲ ಹೊನ್ನಯ್ಯಣ್ಣ."

"ನೀನು ನೀರು ಸೇರಿಸುದಲ್ವಾ, ನಿನಗೆ ಶೀತ ಆಗ್ಬಹುದು ನೋಡಿಕೊ."

ಹೀಗೆ ಆರು ವರ್ಷ ಹೋಯಿತು. ಎರಡು ಸಾವಿರದ ಹದಿನಾಲ್ಕರ ಮೊದಲಿಗೆ ಮಾತ್ರೆ ಬದಲಾಯಿತು. ಇನ್ನು ಎರಡು ಹೊತ್ತಿನ ಕಷ್ಟವಿಲ್ಲ, ರಾತ್ರಿ ಊಟದ ಮೇಲೆ ಒಂದೇ ಸಾಕು ಎಂದರು. ಕಿನ್ನಿಯವರಿಗೆ ಮೂರು ನಾಲ್ಕು ದಿನ ಕೆಟ್ಟ ಕನಸು ಬಿತ್ತು, ಮತ್ತೆ ಸರಿಯಾಯಿತು. ಹೊನ್ನಯ್ಯನವರಿಗೆ ಬೆಳಗ್ಗೆ ಏಳುವಾಗಲೇ ನೆಲ ತೇಲಿದಂತೆ ಆಗುತ್ತಿತ್ತು. ನೆಲದ ಮೇಲೆ ನಡೆಯುವವರಿಗೆ ಅದು ದೊಡ್ಡ ತೊಂದರೆಯಲ್ಲ. ಅವರು ಆ ತಲೆಯನ್ನು ಹೊತ್ತುಕೊಂಡು ಮರ ಹತ್ತಬೇಕಿತ್ತು.

ಒಂದು ಬೆಳಗ್ಗೆ ಕೆರೆಬದಿಯ ಎತ್ತರದ ಮರದಲ್ಲಿ, ಕಾಂಡಕ್ಕೆ ತೆಂಗಿನ ಸಿಪ್ಪೆ ಕಟ್ಟಿ ಮಾಡಿದ ಮೆಟ್ಟಿಲಿನಿಂದ ಕಾಲು ಜಾರಿತು. ಕೈಗೆ ಸಿಕ್ಕಿದ ಮಡಲನ್ನು ಹಿಡಿದು ಕಾಂಡಕ್ಕೆ ಎದೆಯಾನಿಸಿ ನಿಂತರು. ಕಣ್ಣು ಬಿಡಲು ಧೈರ್ಯವಾಗಲಿಲ್ಲ. ಆಚೆ ಮರದಿಂದ ಕುಂಞ ಕೂಗಿದರು:

"ಎಂತ ಹೊನ್ನಯ್ಯಣ್ಣ, ಹಾಗೆ ಅಪ್ಪಿ ಹಿಡ್ಕೊಂಡದ್ದು? ಕಿನ್ನಿಯಕ್ಕ ಕಂಡ್ರೆ ಬೇಜಾರು ಮಾಡ್ಲಿಕ್ಕುಂಟು."

ಹೊನ್ನಯ್ಯನವರಿಗೆ ಸೊಂಟ ಮುರಿದು ಮಲಗಿದ್ದ ತಂದೆಯ ನೆನಪಾಯಿತು.

ಮುಂದಿನ ಸಲ ಕೇಂದ್ರಕ್ಕೆ ಹೋದಾಗ ತಲೆ ತಿರುಗುವ ವಿಷಯ ಹೇಳಿದರು. ಬೀಳಲು ಹೋದದ್ದನ್ನು ಹೇಳಲಿಲ್ಲ. ಕೆಲವು ವಾರಗಳಲ್ಲಿ ಸರಿಹೋಗುತ್ತದೆ, ಬೇಗ ಊಟ ಮಾಡಿ ಬೇಗ ತೆಗೆದುಕೊಳ್ಳಿ, ಹೊತ್ತನ್ನು ಸ್ವಲ್ಪ ಹಿಂದೆ ಮುಂದೆ ಮಾಡಬಹುದು, ಅಲ್ಲಿಯವರೆಗೆ ಮರ ಹತ್ತಬೇಡಿ ಎಂದರು ರಂಜನಿ. ಹತ್ತದಿದ್ದರೆ ಕಟ್ಟಿದ ಹೊಂಬಾಳೆಗಳೆಲ್ಲ ಒಣಗುತ್ತವೆ. ಹೊನ್ನಯ್ಯ ಆಗಲಿ ಎಂದು ತಲೆಯಾಡಿಸಿ ಬಂದು, ಸಂಜೆಯೇ ಮರ ಹತ್ತಿದರು.

ಏಪ್ರಿಲಿನ ಬಿಸು ಹಬ್ಬ ಕಳೆದ ಮೇಲೆ ಕೆರೆಬದಿಯ ಮರಕ್ಕೆ ಬಿಡುವು ಕೊಡುವ ಸಮಯ ಬಂತು. ಮಡಕೆ ಬಿಚ್ಚಿ, ಕೊಯ್ದ ಹೊಂಬಾಳೆಯ ಬುಡ ಕಡಿದು, ಮರದ ಮಂಡೆ ಶುಚಿ ಮಾಡಿ ಇಳಿದರು. ಬುಡದಲ್ಲಿ ಕೂತು ಮೇಲೆ ನೋಡುವಾಗ ಅವರಿಗೆ ಆ ಯೋಚನೆ ಬಂದಿತಂತೆ. ಆರು ವರ್ಷದಿಂದ ಈ ಮೈ ಒಂದು ದಿನ ತಪ್ಪದೆ ಮದ್ದು ತಿಂದಿದೆ. ಇದಕ್ಕೆ ಯಾರೂ ಬಿಡುವು ಕೊಟ್ಟಿಲ್ಲ. ತಲೆ ತಿರುಗುವುದು ದಣಿವಿನ ಲಕ್ಷಣ. ಅರ್ಧ ವರ್ಷ ಬಿಟ್ಟು ಮತ್ತೆ ಹಿಡಿದರೆ ಮೈಯೂ ಗಟ್ಟಿಯಾಗುತ್ತದೆ, ಮದ್ದೂ ಚೆನ್ನಾಗಿ ಹಿಡಿಯುತ್ತದೆ.

ಆ ಸಂಜೆ ಕಿನ್ನಿಯವರಿಗೆ ಹೇಳಿದರು:

"ರಾತ್ರಿ ತೆಗೊಂಡ್ರೆ ಬೆಳಗ್ಗೆ ಮಂಡೆ ತಿರುಗುದು. ನಾನು ಇನ್ನು ಮಧ್ಯಾಹ್ನ ತೋಟದಲ್ಲೇ ತೆಗೊಳ್ತೇನೆ."

"ಮೇಡಮ್ಮಿನ ಹತ್ರ ಕೇಳಿದ್ರಾ?"

"ಹೊತ್ತು ಬದಲ್ಸಬಹುದು ಅಂತ ಅವರೇ ಹೇಳಿದ್ದು."

"ಕೆಲಸದ ಎಡೆಯಲ್ಲಿ ಮರೆತುಹೋದ್ರೆ?"

"ನಾನಾ? ಮರೆಯುದಾ? ಎಂತ ಮಾತು ನಿನ್ನದು."

ಕಿನ್ನಿ ನಂಬಿದರು. ದಿನಾ ಬೆಳಗ್ಗೆ ಹೊನ್ನಯ್ಯನವರ ಡಬ್ಬಿಯಿಂದ ಒಂದು ಮಾತ್ರೆ ತೆಗೆದು ಕಾಗದದಲ್ಲಿ ಸುತ್ತಿ ಕೈಗೆ ಕೊಡುತ್ತಿದ್ದರು. ಹೊನ್ನಯ್ಯ ಅದನ್ನು ಸೊಂಟದ ಪಟ್ಟಿಯಲ್ಲಿ ಸಿಕ್ಕಿಸಿಕೊಂಡು ಹೋಗಿ, ಕೆರೆಬದಿಯ ಮರ ಹತ್ತಿ, ಮಡಲಿನ ಬುಡದ ಸಂದಿನಲ್ಲಿ ಇಟ್ಟಿದ್ದ ಮುಚ್ಚಳದ ಪ್ಲಾಸ್ಟಿಕ್ ಭರಣಿಗೆ ಹಾಕುತ್ತಿದ್ದರು. ಎಸೆಯಲು ಮನಸ್ಸು ಬರಲಿಲ್ಲ. ಸರ್ಕಾರ ಕೊಟ್ಟ ಮದ್ದು, ಸಿಗದೆ ಸತ್ತವರಿದ್ದಾರೆ ಎಂದು ಕೇಳಿದ್ದರು. ಬಿಡುವಿನ ಮರಕ್ಕೆ ಬೇರೆ ಯಾರೂ ಹತ್ತುವುದಿಲ್ಲ. ಕೇಂದ್ರದಲ್ಲಿ ಪ್ರತಿ ತಿಂಗಳು ಡಬ್ಬಿಯ ಮಾತ್ರೆ ಎಣಿಸುವಾಗ ಲೆಕ್ಕ ಸರಿಯಾಗಿಯೇ ಇರುತ್ತಿತ್ತು.

ಆ ಮಳೆಗಾಲದಲ್ಲಿ ಹೊನ್ನಯ್ಯ ಬಹಳ ಚೆನ್ನಾಗಿದ್ದರು. ತಲೆ ತಿರುಗುವುದು ನಿಂತಿತು. ಬಂಗುಡೆ ಸಾರಿನಲ್ಲಿ ಎರಡು ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದರು. ಕುಂಞನಿಗೆ ಎದುರು ಮಾತು ಕೊಡುವಷ್ಟು ಉಸಿರು ಬಂದಿತ್ತು. ಹೊತ್ತು ಬದಲಿಸಿದ್ದು ಒಳ್ಳೆಯದೇ ಆಯಿತು ಎಂದು ಕಿನ್ನಿಯೂ ಅಂದರು. ತನ್ನ ಲೆಕ್ಕ ತಪ್ಪಿಲ್ಲ ಎಂದು ಹೊನ್ನಯ್ಯನವರಿಗೆ ಖಾತ್ರಿಯಾಯಿತು.

ದೀಪಾವಳಿ ಕಳೆದು ಕೆರೆಬದಿಯ ಮರಕ್ಕೆ ಮತ್ತೆ ಮಡಕೆ ಕಟ್ಟಿದ ದಿನವೇ ಅವರು ಮಾತ್ರೆಯನ್ನೂ ಮತ್ತೆ ಹಿಡಿದರು. ಇನ್ನು ರಾತ್ರಿಯೇ ತೆಗೆದುಕೊಳ್ಳುತ್ತೇನೆ ಎಂದು ಕಿನ್ನಿಯ ಪಕ್ಕದಲ್ಲಿ ಕೂತು ನುಂಗಿದರು. ತಲೆ ತಿರುಗಿದರೂ ಹಲ್ಲು ಕಚ್ಚಿ ಸಹಿಸಿದರು. ಭರಣಿಯನ್ನು ಇಳಿಸಲಿಲ್ಲ. ಮುಂದಕ್ಕೆ ಬೇಕಾದೀತು ಎಂದು ಸಂದಿಗೆ ಇನ್ನಷ್ಟು ಒತ್ತಿ ಇಟ್ಟರು.

ಬಿಡುವಿನ ಮರ ಮೊದಲಿಗಿಂತ ಹೆಚ್ಚು ಕಳ್ಳು ಕೊಟ್ಟಿತು. ಹೊನ್ನಯ್ಯನವರಿಗೆ ಕೆಮ್ಮು ಶುರುವಾಯಿತು.

ಜನವರಿಯಲ್ಲಿ ಬಾಯಿಯೊಳಗೆ ಬಿಳಿ ಪೊರೆ ಹತ್ತಿತು. ಊಟ ಸೇರದಾಯಿತು. ದಿನಾ ತಪ್ಪದೆ ಮಾತ್ರೆ ನುಂಗುತ್ತಿದ್ದರೂ ಮೈ ಇಳಿಯುತ್ತಲೇ ಹೋಯಿತು. ಅದು ಯಾಕೆ ಎಂದು ಕೇಂದ್ರದವರಿಗೂ ಮೊದಲು ಅರ್ಥವಾಗಲಿಲ್ಲ, ಎಣಿಸಿದಾಗಲೆಲ್ಲ ಲೆಕ್ಕ ಸರಿ ಇತ್ತು. ಕ್ಷಯದ ಮದ್ದು ಕೊಟ್ಟರು. ಫೆಬ್ರವರಿಯ ಹೊತ್ತಿಗೆ ಹೊನ್ನಯ್ಯ ಮರದ ಬುಡದವರೆಗೆ ನಡೆದು, ಮೇಲೆ ನೋಡಿ, ವಾಪಸು ಬಂದರು. ಮರಗಳನ್ನು ಕುಂಞ ವಹಿಸಿಕೊಂಡರು.

ವಹಿಸಿಕೊಂಡ ಎರಡನೇ ದಿನ ಮಧ್ಯಾಹ್ನ ಕುಂಞ ಅಂಗಳಕ್ಕೆ ಬಂದರು. ಹೊನ್ನಯ್ಯ ಜಗಲಿಯಲ್ಲಿ ಮಲಗಿದ್ದರು. ಕಿನ್ನಿ ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು.

"ಕಿನ್ನಿಯಕ್ಕಾ, ಇವರು ತೆಂಗಿನ ಮಂಡೆಯಲ್ಲಿ ಮೆಡಿಕಲ್ ಶಾಪು ಇಟ್ಟಿದ್ದಾರೆ ಮಾರಾಯ್ರೆ. ಮರಕ್ಕೂ ಶುಗರ್ ಉಂಟಾ ಎಂತ?"

ಭರಣಿಯನ್ನು ಜಗಲಿಯ ಮೇಲಿಟ್ಟರು. ಹೊರಗೆ ಪಾಚಿ ಹಿಡಿದಿತ್ತು, ಒಳಗೆ ಮಾತ್ರೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಕಿನ್ನಿಗೆ ಗುರುತು ಹಿಡಿಯಲು ಹೊತ್ತು ಬೇಕಾಗಲಿಲ್ಲ. ಅದೇ ಬಣ್ಣ, ಅದೇ ಗಾತ್ರದ್ದನ್ನು ತಾವೂ ಹಿಂದಿನ ರಾತ್ರಿ ನುಂಗಿದ್ದರು.

"ಅದು ಹಳೆಯದ್ದು. ಎಸೆಯಲಿಕ್ಕೆ ಹೇಳಿದ್ದೆ. ಕೂತ್ಕೊಳ್ಳಿ, ಚಹಾ ಮಾಡ್ತೇನೆ."

ಕುಂಞ ಒಮ್ಮೆ ಭರಣಿಯನ್ನೂ ಒಮ್ಮೆ ಮಲಗಿದ್ದವರನ್ನೂ ನೋಡಿದರು. ನಗು ಅಲ್ಲಿಗೇ ನಿಂತಿತು.

"ಚಹಾ ಬೇಡ. ಮರ ಉಂಟಲ್ಲ" ಎಂದು ಹೊರಟರು. ಆಮೇಲೆಯೂ ಅವರು ಮರಗಳನ್ನು ನೋಡಿಕೊಂಡರು, ಹೊನ್ನಯ್ಯನವರ ಪಾಲಿನ ಹಣವನ್ನು ತಪ್ಪದೆ ಜಗಲಿಯಲ್ಲಿಟ್ಟು ಹೋದರು, ಗಡಂಗಿನಲ್ಲಿ ಒಂದು ಮಾತೂ ಆಡಲಿಲ್ಲ. ಆ ಮನೆಯ ಚಹಾ ಮಾತ್ರ ಮತ್ತೆ ಕುಡಿಯಲಿಲ್ಲ.

ಅವರು ಅಂಗಳದಾಚೆಯ ತೋಡಿನ ನೀರು ದಾಟಿದ ಮೇಲೆ ಕಿನ್ನಿ ಕೇಳಿದರು:

"ಯಾವಾಗ ಬಿಟ್ಟದ್ದು?"

"ಬಿಟ್ಟದ್ದಲ್ಲ. ಬಿಡುವು ಕೊಟ್ಟದ್ದು."

"ಎಂತಕ್ಕೆ?"

"ಮೈಗೆ."

"ನಿಮ್ಮ ಮೈ ಎಂತ ತೆಂಗಿನ ಮರವಾ?"

ಹೊನ್ನಯ್ಯ ಗೋಡೆಯ ಕಡೆ ತಿರುಗಿದರು. ಗೋಡೆ ನೋಡುತ್ತಲೇ, "ಸರಿಯಾದ್ರೆ ನಿನಗೂ ಹೇಳುವ ಅಂತ ಇತ್ತು. ಮೊದಲು ನಾನು ನೋಡುವ ಅಂತ" ಎಂದರು.

ಕಿನ್ನಿ ಬೀಡಿಯ ಎಲೆಯನ್ನು ಕೈಯಲ್ಲಿ ಹಿಡಿದುಕೊಂಡೇ ಕೂತರು. ಗಂಡ ಅದನ್ನು ಆ ಮಳೆಗಾಲದಲ್ಲೇ ಹೇಳಿದ್ದರೆ, ಅವರು ಅಷ್ಟು ಚೆನ್ನಾಗಿದ್ದುದನ್ನು ಕಂಡು ತಾನೂ ಬಿಟ್ಟುಬಿಡುತ್ತಿದ್ದೆ ಎಂದು ಅವರಿಗೆ ಗೊತ್ತಿತ್ತು.

ಮರುದಿನ ಭರಣಿಯನ್ನು ಚೀಲದಲ್ಲಿಟ್ಟುಕೊಂಡು ಇಬ್ಬರೂ ಕೇಂದ್ರಕ್ಕೆ ಹೋದರು. ಕಿನ್ನಿಯೇ ಎಲ್ಲವನ್ನೂ ಹೇಳಿದರು. ರಂಜನಿ ಬೈಯಲಿಲ್ಲ. ಭರಣಿಯ ಮುಚ್ಚಳ ತೆರೆದು ನೋಡಿ ಮತ್ತೆ ಮುಚ್ಚಿದರು.

"ಮರಕ್ಕೆ ಬಿಡುವು ಕೊಟ್ರೆ ಬೆಳೆಯುದು ಮರ ಹೊನ್ನಯ್ಯಣ್ಣ. ಮದ್ದಿಗೆ ಬಿಡುವು ಕೊಟ್ರೆ ಬೆಳೆಯುದು ರೋಗ. ಅದಕ್ಕೆ ಈಗ ಈ ಮಾತ್ರೆಯನ್ನು ತಡ್ಕೊಳ್ಳಿಕ್ಕೆ ಗೊತ್ತಾಗಿದೆ. ನೀವು ಈಗ ನುಂಗುದು ಅದಕ್ಕೆ ತಾಗುದಿಲ್ಲ."

"ಇಷ್ಟು ವರ್ಷ ತಾಗ್ತಾ ಇತ್ತಲ್ಲ ಮೇಡಮ್?"

"ಇತ್ತು."

ಒಂದು ದಿನವೂ ತಪ್ಪಿಸಬೇಡಿ ಎಂದು ಅವರು ನೂರು ಸಲ ಹೇಳಿದ್ದರು. ಬೇಕೆಂದೇ ಬಿಡುವು ಕೊಡಬೇಡಿ ಎಂದು ಯಾರಿಗೂ ಹೇಳಿರಲಿಲ್ಲ. ಕೊಡಬಹುದೇ ಎಂದು ಯಾರೂ ಕೇಳಿರಲಿಲ್ಲ.

ಇದಕ್ಕೆ ಬೇರೆ ಮದ್ದು ಇತ್ತು. ಸೆಕೆಂಡ್ ಲೈನ್ ಎನ್ನುತ್ತಾರೆ. ಅದು ಅಲ್ಲಿ ಸಿಗುವುದಿಲ್ಲ. ಮೊದಲು ಕೋಝಿಕ್ಕೋಡಿಗೆ ಹೋಗಿ ರಕ್ತ ಕೊಡಬೇಕು, ಅದರ ಫಲಿತಾಂಶ ಬರಬೇಕು, ಆಮೇಲೆ ವೈದ್ಯರ ಸಮಿತಿ ನೋಡಿ ಒಪ್ಪಬೇಕು. ಅಲ್ಲಿಯವರೆಗೆ ಈಗಿನದ್ದನ್ನೇ ನುಂಗುತ್ತಿರಬೇಕು, ಪೂರ್ತಿ ಹಿಡಿಯದಿದ್ದರೂ ಬಿಟ್ಟರೆ ಇನ್ನೂ ಕೆಡುತ್ತದೆ ಎಂದರು ವೈದ್ಯರು.

ರೈಲಿನಲ್ಲಿ ಹೋಗಿ ರಕ್ತ ಕೊಟ್ಟು ಬಂದರು. ಹೋಗುವಾಗ ಹೊನ್ನಯ್ಯ ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ತೆಂಗಿನ ಮರಗಳನ್ನು ನೋಡಿದರು. ಯಾವುದಕ್ಕೆ ಮಡಕೆ ಕಟ್ಟಿದೆ, ಯಾವುದು ಬಿಡುವಿನಲ್ಲಿದೆ ಎಂದು ಹೇಳುತ್ತಿದ್ದರು. ಬರುವಾಗ ಕಿನ್ನಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದರು.

ಆಮೇಲಿನದು ಕಾಯುವ ಕೆಲಸ. ಪ್ರತಿ ರಾತ್ರಿ ಊಟದ ಮೇಲೆ ಹೊನ್ನಯ್ಯ ತಾವಾಗಿಯೇ ಮಾತ್ರೆ ಕೇಳಿ ಪಡೆಯುತ್ತಿದ್ದರು. ಗಂಟಲು ಹುಣ್ಣಾಗಿ ನೀರು ಇಳಿಯುವುದೇ ಕಷ್ಟ. ನುಂಗಿದ ಮೇಲೆ ಕಿನ್ನಿಯ ಕಡೆ ತಿರುಗಿ ಬಾಯಿ ತೆರೆದು, ನಾಲಿಗೆ ಎತ್ತಿ ತೋರಿಸುತ್ತಿದ್ದರು.

"ಬೇಡ, ನಾನು ಕೇಳಿದ್ದೇನಾ?"

"ನೋಡು ನೀನು."

ಕಿನ್ನಿ ನೋಡುತ್ತಿದ್ದರು. ತಾಗದ ಮಾತ್ರೆಯನ್ನು ಹೊನ್ನಯ್ಯ ಹಾಗೆ ತಿಂಗಳುಗಟ್ಟಲೆ, ಮರ ಕೊಯ್ದಷ್ಟೇ ಶ್ರದ್ಧೆಯಿಂದ ನುಂಗಿದರು. ಕೆಲವು ಸಲ ವಾಂತಿಯಾಗಿ ಹೊರಗೆ ಬರುತ್ತಿತ್ತು. ಬಾಯಿ ಮುಕ್ಕಳಿಸಿ, ಇನ್ನೊಂದು ಕೊಡು ಎನ್ನುತ್ತಿದ್ದರು.

ಮಳೆಗಾಲದ ಆಟಿ ತಿಂಗಳಲ್ಲಿ ಅವರಿಗೆ ವಿಪರೀತ ತಲೆನೋವು ಬಂದು ಮಾತು ತೊದಲಿತು. ಆಸ್ಪತ್ರೆಗೆ ಸೇರಿಸಿದರು. ಸೋಂಕು ಮೆದುಳಿಗೆ ಹೋಗಿದೆ ಎಂದರು. ನಮಿತಾ ಬಂದಳು. ವಾರ್ಡಿನ ಹೊರಗೆ ಕಿನ್ನಿ ಅವಳಿಗೆ ನಿಜ ಹೇಳಿದರು, ತಮ್ಮದನ್ನೂ ಸೇರಿಸಿ. ಅವಳು ಕೇಳಿಸಿಕೊಂಡು, "ನನ್ನ ಮನೆಯಲ್ಲಿ ಮಾತ್ರ ಹೇಳ್ಬೇಡಿ ಅಮ್ಮ" ಎಂದಳು. ರಾತ್ರಿಗೆ ನಿಲ್ಲಲಿಲ್ಲ, ಸಂಜೆಯ ಬಸ್ಸು ಹಿಡಿದಳು.

ಹೊನ್ನಯ್ಯನವರಿಗೆ ಆಗ ಯಾರ ಗುರುತೂ ಇರಲಿಲ್ಲ. ನರ್ಸು ಬಂದರೂ, ನೆಲ ಒರೆಸುವವರು ಬಂದರೂ, ಯಾರು ಹತ್ತಿರ ನಿಂತರೂ ಬಾಯಿ ತೆರೆದು ನಾಲಿಗೆ ಎತ್ತಿ ತೋರಿಸುತ್ತಿದ್ದರು. ಹಸಿವು ಎಂದುಕೊಂಡು ನರ್ಸು ಒಮ್ಮೆ ಗಂಜಿ ತಂದರು. ಅಲ್ಲ ಎಂದು ಕಿನ್ನಿ ತಲೆಯಾಡಿಸಿದರು. ಏನು ಎಂದು ವಿವರಿಸಲಿಲ್ಲ.

ಸಮಿತಿ ಒಪ್ಪಿದೆ, ಸೋಮವಾರ ಕರೆದುಕೊಂಡು ಬರಬೇಕಂತೆ ಎಂದು ರಂಜನಿ ಫೋನ್ ಮಾಡಿದ್ದು ಗುರುವಾರ. ಅವರನ್ನು ಮಂಚದಿಂದ ಎತ್ತಿ ಕೂರಿಸಲೂ ಆಗುತ್ತಿರಲಿಲ್ಲ. ಭಾನುವಾರ ಮಧ್ಯಾಹ್ನ, ಮರಗಳ ಎರಡನೇ ಕೊಯ್ಲಿನ ಹೊತ್ತಿಗೆ, ಹೊನ್ನಯ್ಯ ತೀರಿಕೊಂಡರು. ಕುಂಞ ಹೆಣ ಹೊರಲು ಬಂದರು. ಸುಟ್ಟು ಬಂದು ಮಿಂದು ಸಂಜೆಯ ಮರಗಳಿಗೆ ಹೋದರು.

ತಮ್ಮ ಮಾತ್ರೆ ತರುವ ದಿನ ಬಂದಾಗ ಕಿನ್ನಿ ಒಬ್ಬರೇ ಕೇಂದ್ರಕ್ಕೆ ಹೋದರು. ಚೀಲದಿಂದ ಎರಡು ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ರಂಜನಿ ಹೊನ್ನಯ್ಯನವರ ಡಬ್ಬಿಯನ್ನು ತೆಗೆದುಕೊಂಡು, ತೆರೆಯದೆ, ಪಕ್ಕಕ್ಕೆ ಇಡಲು ಹೋದರು.

"ಎಣಿಸಿ ಮೇಡಮ್."

"ಇನ್ನು ಎಂತಕ್ಕೆ ಕಿನ್ನಿಯಕ್ಕ."

"ಆಸ್ಪತ್ರೆಗೆ ಸೇರಿಸಿದ ದಿನದವರೆಗೆ ಎಣಿಸಿ. ವಾಂತಿ ಆದದ್ದು ನಾಲ್ಕು, ಅದನ್ನು ಬೇರೆ ಹಿಡೀರಿ."

ರಂಜನಿ ಡಬ್ಬಿಯನ್ನು ತೆರೆಯಲಿಲ್ಲ. ಕಿನ್ನಿಗೆ ಅದರ ಅರ್ಥ ಗೊತ್ತಾಯಿತು.

"ಮೊದಲು ಸಹ ಲೆಕ್ಕ ಸರಿಯೇ ಇರ್ತಿತ್ತು. ನನಗೆ ಗೊತ್ತುಂಟು. ನಾನೇ ಕಾಗದದಲ್ಲಿ ಸುತ್ತಿ ಕೊಟ್ಟದ್ದಲ್ವಾ. ಇದು ಹಾಗಲ್ಲ. ಇದು ನಾನು ಬಾಯಿ ನೋಡಿದ್ದು."

ರಂಜನಿ ಡಬ್ಬಿಯನ್ನು ತಟ್ಟೆಗೆ ಸುರಿದು, ಬೆರಳಿನಿಂದ ಒಂದೊಂದಾಗಿ ಸರಿಸಿ ಎಣಿಸಿದರು. ಹೊರಗೆ ಮಲಯಾಳದಲ್ಲಿ ಯಾರದೋ ಹೆಸರು ಕೂಗುತ್ತಿದ್ದರು. ಎಣಿಸಿ ಮುಗಿದ ಮೇಲೆ ಇನ್ನೊಮ್ಮೆ ಎಣಿಸಿದರು.

"ಸರಿ ಉಂಟು."

"ಹಾಗಾದ್ರೆ ಬರೀರಿ."

ರಂಜನಿ ಬರೆದರು. ಕಿನ್ನಿ ಅದನ್ನು ನೋಡಿದರು. ಓದು ಬರುತ್ತಿರಲಿಲ್ಲ, ಆದರೂ ಶಾಯಿ ಒಣಗುವವರೆಗೆ ನೋಡಿದರು. ಆಮೇಲೆ ತಮ್ಮ ಡಬ್ಬಿಯನ್ನು ಮುಂದೆ ತಳ್ಳಿದರು.

"ಇ‌ನ್ನು ನನ್ನದು."